ಮಳೆಯ ಅಳತೆ ಮತ್ತು ರೈತನ ಹಕ್ಕು

ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳ ಅಡಕೆ ತೋಟಿಗರು ಮಳೆಗಾಲದ ಮೊದಲಿನಲ್ಲಿ ಊರಿನ ಸಹಕಾರಿ ಸಂಘಗಳ ಮೂಲಕ ಬೆಳೆವಿಮೆಯ ಕಂತನ್ನು ತುಂಬುತ್ತಾರೆ. ಮಳೆ ಮಿತಿಮೀರಿ ಸುರಿದರೆ ಪರಿಹಾರ ದೊರೆಯುವುದೆಂಬುದು ಅವರ ಭರವಸೆ. ಈ ಹಣದ ವಿಷಯವಾಗಿ ಇತ್ತೀಚಿನ ವರ್ಷಗಳಲ್ಲಿ ಅಲ್ಲಿ ಎದ್ದಿರುವ ಅಸಮಾಧಾನಕ್ಕೆ ಅಧಿಕಾರಿವರ್ಗವೂ ಪಟ್ಟಣದ ವಾಚಕರೂ ಕಿವಿಗೊಡುವುದು ಅವಶ್ಯವೆಂದು ನಾವು ಭಾವಿಸುತ್ತೇವೆ.

ಯೋಜನೆಯೇ ಕೆಟ್ಟದ್ದೆಂದು ನಾವು ಹೇಳಲಾರೆವು. 2016ರಲ್ಲಿ ಜಾರಿಗೆ ಬಂದ ಪುನರ್ರಚಿತ ಹವಾಮಾನಾಧಾರಿತ ಬೆಳೆವಿಮಾ ಯೋಜನೆಯಲ್ಲಿ ತೋಟದ ಬೆಳೆಗಾರನು ತೆರತಕ್ಕದ್ದು ವಿಮಾಮೊತ್ತದ ಶೇಕಡಾ 5 ಮಾತ್ರ. ಹೆಕ್ಟೇರು ಅಡಕೆಗೆ 1,28,000 ರೂಪಾಯಿಯ ವಿಮೆಯಾದರೆ ಅವನ ಪಾಲು 6,400 ರೂಪಾಯಿ. ಉಳಿದ ಕಂತಿನ ಭಾರವನ್ನು ಕೇಂದ್ರ ಹಾಗೂ ರಾಜ್ಯ ಸರಕಾರಗಳು ಹೊರುತ್ತವೆ. ಅಂದಮೇಲೆ ಇದು ತೋಟಿಗನಿಗೂ ವಿಮಾ ಕಂಪನಿಗೂ ನಡುವಣ ಖಾಸಗಿ ವ್ಯವಹಾರವಲ್ಲ. ಪ್ರಜೆಗಳ ತೆರಿಗೆಯ ಹಣ ಇದರಲ್ಲಿ ಸೇರಿದೆ.

ಆದರೆ ಈ ವಿಮೆಯಲ್ಲಿ ಹಾನಿಯನ್ನು ನಿರ್ಣಯಿಸಲು ಯಾರೂ ತೋಟಕ್ಕಿಳಿದು ನೋಡುವುದಿಲ್ಲ. ಗ್ರಾಮ ಪಂಚಾಯತಿಯ ಮಳೆಮಾಪಕವು ಕೊಟ್ಟ ಅಂಕಿಯೇ ಸಾಕ್ಷಿ, ಅದೇ ತೀರ್ಪು. ಬಿಡದೆ ಸುರಿವ ಮಳೆಯಲ್ಲಿ ಕೊನೆಗೌಡನು ಮರವೇರಲಾರ, ಸುಣ್ಣ ಮೈಲುತುತ್ತದ ಮದ್ದು ಹೊಡೆಯಲಾರ. ಕೊಳೆ ತಗಲಿ ಎಳೆಯ ಕಾಯಿ ಉದುರುತ್ತದೆ. ಆ ದಿನಗಳಲ್ಲಿಯೇ ಮಾಪಕ ಕೆಟ್ಟಿದ್ದರೆ ಕಾಗದದ ಮೇಲೆ ಮಳೆಯೇ ಆಗಿರುವುದಿಲ್ಲ! ಮಾಪಕಗಳು ಸರಿಯಾಗಿಲ್ಲವೆಂಬ ದೂರು ಜಿಲ್ಲೆಯಲ್ಲಿ ಮತ್ತೆ ಮತ್ತೆ ಕೇಳಿಬಂದಿದೆ. ಘಟ್ಟದ ಅಂಚಿನ ಮಳೆ ಬೇರೆ, ಬನವಾಸಿಯ ಕಡೆಯ ಮಳೆ ಬೇರೆ. ಇಂಥ ಸೀಮೆಯಲ್ಲಿ ದೂರದ ಒಂದು ಮಾಪಕದ ಅಂಕಿಯನ್ನು ತಂದು ಹೊಂದಿಸಿದರೆ ನ್ಯಾಯವಾದೀತೆ?

ಬೆಳೆಹಾನಿಯನ್ನು ಅಳೆಯುವವರಾರು ಎಂಬ ಪ್ರಶ್ನೆ ಈ ಸೀಮೆಗೆ ಹೊಸದಲ್ಲ. ಮುಂಬಯಿ ಇಲಾಖೆಯ ಕಾಲದಲ್ಲಿ ಸರಕಾರಿ ನೌಕರರ ಆಣೆವಾರಿಯ ಮೇಲೆ ಕಂದಾಯದ ಮಾಫಿ ನಿಂತಿತ್ತು. 1930ರಿಂದ 1934ರವರೆಗಿನ ಹೋರಾಟದಲ್ಲಿ ಅಂಕೋಲೆ, ಸಿದ್ದಾಪುರಗಳ ಒಕ್ಕಲುಗಳು ಕರ ಕೊಡಲೊಲ್ಲೆವೆಂದು ಹೊಲಮನೆಗಳನ್ನು ಕಳೆದುಕೊಂಡರು. ಸಿದ್ದಾಪುರದ ಕಡೆ ಸ್ವರಾಜ್ಯದ ಕೂಗಿನೊಡನೆ ರೈತನ ಬಡತನದ ಕೂಗೂ ಕೂಡಿತ್ತು. 1932ರಲ್ಲಿ ಮಾವಿನಗುಂಡಿಯ ಸ್ತ್ರೀಯರು ಜಪ್ತಿಯ ಸೊತ್ತನ್ನು ಕೊಂಡವರ ಮನೆಯ ಮುಂದೆ ಉಪವಾಸ ಕುಳಿತರು. 1937ರಲ್ಲಿ ಕಾಂಗ್ರೆಸ್ ಮಂತ್ರಿಮಂಡಲ ಬಂದ ತರುವಾಯವೇ ಮುಟ್ಟುಗೋಲಾದ ಜಮೀನುಗಳನ್ನು ಹಿಂದಿರುಗಿಸುವ ಕಾಯದೆಯಾಯಿತು. ಅಂದಿನದು ಪರರ ಸರಕಾರ, ಇಂದಿನದು ನಮ್ಮದು. ನಮ್ಮ ಸರಕಾರದ ಅಳತೆಯನ್ನಾದರೂ ರೈತನು ನಂಬುವಂತಿರಬೇಡವೆ?

ಬರಿಯ ಮಾತಿನ ಮೇಲೆ ಕಂಪನಿಯು ಹಣ ಕೊಡಲಾರದು ಎಂಬುದನ್ನು ನಾವು ಒಪ್ಪುತ್ತೇವೆ. ಯಂತ್ರದ ಅಳತೆಯಲ್ಲಿ ಪಕ್ಷಪಾತಕ್ಕೆ ಎಡೆ ಕಡಿಮೆ ಎಂಬುದೂ ನಿಜ. ಆದರೆ ಯಂತ್ರವನ್ನು ಸುಸ್ಥಿತಿಯಲ್ಲಿಡುವ ಹೊಣೆ ರೈತನದಲ್ಲ. ಅದು ಕೆಟ್ಟುದರ ದಂಡವನ್ನು ಅವನು ತೆರತಕ್ಕದ್ದೂ ಅಲ್ಲ.

ಆದುದರಿಂದ ನಾವು ಸೂಚಿಸುವುದಿಷ್ಟು: ಮಳೆಗಾಲಕ್ಕೆ ಮುಂಚೆ ಪಂಚಾಯತಿ ಹಾಗೂ ಸಹಕಾರಿ ಸಂಘದವರ ಸಮಕ್ಷಮದಲ್ಲಿ ಪ್ರತಿಯೊಂದು ಮಾಪಕದ ಪರೀಕ್ಷೆಯಾಗಲಿ. ದಿನದಿನದ ಅಂಕಿಯನ್ನು ಪಂಚಾಯತಿಯ ಹಲಗೆಯ ಮೇಲೆ ಬರೆಯಲಿ. ಮಾಪಕ ಕೆಟ್ಟರೆ ಯಾವುದರ ಅಂಕಿಯನ್ನು ಹಿಡಿಯುವರೆಂಬುದನ್ನು ಕಂತು ತುಂಬಿಸಿಕೊಳ್ಳುವಾಗಲೇ ತಿಳಿಸಲಿ. ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯ ನಿಯಮಗಳಲ್ಲಿ 2018ರಲ್ಲಿ ವಿಳಂಬಕ್ಕೆ ಶೇಕಡಾ 12ರ ಬಡ್ಡಿಯನ್ನು ಸೇರಿಸಲಾಯಿತು. ಆ ನ್ಯಾಯ ಅಡಕೆ ಬೆಳೆಗಾರನ ಖಾತೆಯಲ್ಲಿಯೂ ಕಾಣಿಸಲಿ. ಸಂಘದ ಸಾಲದ ವಾಯಿದೆ ತಪ್ಪಿದರೆ ಅವನು ಬಡ್ಡಿ ತೆರುವುದಿಲ್ಲವೆ?

1923ರಲ್ಲಿ ಶಿರಸಿಯ ತೋಟಗಾರರು ದಲ್ಲಾಳಿಗಳ ತೂಕವನ್ನು ನಂಬಿ ಕೂರದೆ ತಮ್ಮದೇ ಮಾರಾಟ ಸಂಘವನ್ನು ಕಟ್ಟಿದರು. ಪೇಟೆಯಲ್ಲಿ ಸರಿಯಾದ ತೂಕವನ್ನು ಬೇಡಿದ ಜನ, ಮಳೆಗೂ ಸರಿಯಾದ ಅಳತೆಯನ್ನು ಬೇಡುತ್ತಿದ್ದಾರೆ. ಇದು ದಾನದ ಯಾಚನೆಯಲ್ಲ. ಮುಂದಿನ ಮಳೆಗಾಲದ ಕಂತು ತುಂಬುವ ಮೊದಲೇ ಜಿಲ್ಲೆಯ ಅಧಿಕಾರಿಗಳು ಇದಕ್ಕೆ ಉತ್ತರ ಕೊಡತಕ್ಕದ್ದು.