ಕಾಡಂಚಿನ ಹೊಲ, ದಾನಿಗಳ ಹಣ



ರಾಷ್ಟ್ರೀಯ ಉದ್ಯಾನದ ರಕ್ಷಣೆಗೆಂದು ದಾನಿಗಳು ಕೊಟ್ಟ ಹಣ ಎಲ್ಲಿಗೆ ಹೋಗುತ್ತದೆಂದು ಕೇಳಿದರೆ ನೀವು ಬೇಲಿ, ಕಂದಕ, ಜೀಪು ಎನ್ನಬಹುದು. ಬಂಡೀಪುರ ಮತ್ತು ನಾಗರಹೊಳೆಯ ಅಂಚಿನಲ್ಲಿ ಅದರ ಒಂದು ಪಾಲು ಮೋಟಾರು ಸೈಕಲ್ಲಿನ ಪೆಟ್ರೋಲಿಗೆ, ಫೋಟೋಗಳಿಗೆ, ಅರ್ಜಿ ಬರೆದುಕೊಡುವವರ ಸಂಬಳಕ್ಕೆ ಹೋಗುತ್ತದೆ. ಈ ಖರ್ಚಿನಿಂದ ಹುಲಿಗೇನು ಲಾಭವೆಂಬುದನ್ನು ನೋಡೋಣ.

ಬಂಡೀಪುರವು 1973ರಲ್ಲಿ ಹುಲಿ ಯೋಜನೆಗೆ ಸೇರಿದ ಮೊದಲ ಒಂಬತ್ತು ಅರಣ್ಯಗಳಲ್ಲೊಂದು. ಅದಕ್ಕೂ ನಾಗರಹೊಳೆಗೂ ನಡುವೆ ಕಬಿನಿಯ ಹಿನ್ನೀರು. ಗುಂಡ್ಲುಪೇಟೆ, ಹೆಗ್ಗಡದೇವನಕೋಟೆ, ಹುಣಸೂರು ಕಡೆಗಳಲ್ಲಿ ಕಾಡು ಮುಗಿದಲ್ಲಿಯೇ ಹೊಲ ಆರಂಭ. ರಾಗಿ ತೆನೆ ಬಲಿತ ಹೊತ್ತಿನಲ್ಲಿ ಆನೆ ಹಿಂಡು ನುಗ್ಗಿದರೆ ನಾಲ್ಕು ತಿಂಗಳ ದುಡಿಮೆಗೆ ಒಂದು ರಾತ್ರಿ ಸಾಕು. ಅಟ್ಟಣೆಯ ಮೇಲೆ ಕುಳಿತು ತಮಟೆ ಬಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇಂಥ ನಷ್ಟಕ್ಕೆ ಸರ್ಕಾರದ ಪರಿಹಾರವುಂಟು. ಆದರೆ ಪಹಣಿ, ಫೋಟೋ, ಬ್ಯಾಂಕಿನ ಪುಸ್ತಕ ಹೊಂದಿಸಿಕೊಂಡು ಕಚೇರಿಗೆ ಅಲೆಯುವಷ್ಟರಲ್ಲಿ ಬಸ್ಸಿನ ಖರ್ಚು, ಕಳೆದುಕೊಂಡ ಕೂಲಿ ಸೇರಿ ಎಷ್ಟೋ ಜನ ಬೇಸತ್ತು ಕೈಬಿಡುತ್ತಾರೆ. ಹಾಗೆ ಕೈಬಿಟ್ಟವನ ಸಿಟ್ಟು ಕಾಡಿನ ಮೇಲೆ ತಿರುಗುತ್ತದೆ. ಸತ್ತ ದನದ ಮೈಗೆ ವಿಷ ಸವರುವುದು ಇಂಥ ಹೊತ್ತಿನಲ್ಲಿಯೇ.

ಈ ಅಂತರವನ್ನು ತುಂಬಲು ಬೆಂಗಳೂರಿನ ಸೆಂಟರ್ ಫಾರ್ ವೈಲ್ಡ್‌ಲೈಫ್ ಸ್ಟಡೀಸ್ ಎಂಬ ಲಾಭರಹಿತ ಸಂಸ್ಥೆಯು 2015ರಲ್ಲಿ ‘ವೈಲ್ಡ್ ಸೇವೆ’ಯನ್ನು ಆರಂಭಿಸಿತು. ಇದರ ರೂವಾರಿ ಡಾ. ಕೃತಿ ಕಾರಂತರು, ಸಾಹಿತಿ ಶಿವರಾಮ ಕಾರಂತರ ಮೊಮ್ಮಗಳು. ಹಾನಿಯಾದ ರೈತನು ಶುಲ್ಕವಿಲ್ಲದ ದೂರವಾಣಿಗೆ ಕರೆಮಾಡಿದರೆ ಸ್ಥಳೀಯ ಕಾರ್ಯಕರ್ತನೊಬ್ಬನು ಹೊಲಕ್ಕೇ ಬರುತ್ತಾನೆ. ಹಾನಿಯನ್ನು ಅಳೆದು, ಚಿತ್ರ ತೆಗೆದು, ದಾಖಲೆ ಜೋಡಿಸಿ ಅರಣ್ಯ ಇಲಾಖೆಗೆ ಅರ್ಜಿ ಸಲ್ಲಿಸಲು ನೆರವಾಗುತ್ತಾನೆ. ರೈತನಿಂದ ಕಾಸು ಪಡೆಯುವುದಿಲ್ಲ. ಒಂದು ಮಾತು ಸ್ಪಷ್ಟವಿರಲಿ: ಪರಿಹಾರದ ಹಣ ಸರ್ಕಾರದ್ದು, ಮಂಜೂರು ಮಾಡುವುದೂ ಇಲಾಖೆಯೇ. ದಾನಿಗಳ ಹಣ ಆ ಹಣವು ನಿಮ್ಮ ಮನೆಗೆ ತಲುಪುವ ದಾರಿಯನ್ನು ಸವೆಸುತ್ತದೆ, ಅಷ್ಟೇ. ಬಂದ ಮೊತ್ತ ನಷ್ಟವನ್ನು ಪೂರ್ತಿ ತುಂಬುವುದಿಲ್ಲವೆಂಬುದೂ ನಿಜ. ಆದರೂ ಬರಿಗೈಗಿಂತ ಮೇಲು. ಹುಲಿ, ಚಿರತೆಯ ಕಾಟವಿರುವ ಕೆಲವು ಮನೆಗಳಿಗೆ ಭದ್ರವಾದ ಕೊಟ್ಟಿಗೆಗಳನ್ನೂ ಈ ಸಂಸ್ಥೆ ಕಟ್ಟಿಸಿಕೊಟ್ಟಿದೆ.

ಹಣ ಕೊಡಲಾಗದವರು ಕಾಲು ಸವೆಸಿದ್ದಾರೆ. ನಾಗರಹೊಳೆಯಲ್ಲಿ ಡಾ. ಉಲ್ಲಾಸ ಕಾರಂತರು ನಡೆಸಿದ ಪ್ರಾಣಿ ಗಣತಿಗಳಲ್ಲಿ ತರಬೇತಿ ಪಡೆದ ಸ್ವಯಂಸೇವಕರು ಬೆಳಗ್ಗೆ, ಸಂಜೆ ನೇರ ಗೆರೆಯಂಥ ಕಾಲುದಾರಿಗಳಲ್ಲಿ ಸದ್ದಿಲ್ಲದೆ ನಡೆದು ಜಿಂಕೆ, ಕಡವೆ, ಕಾಟಿಗಳನ್ನು ಎಣಿಸಿ, ಅವು ಎಷ್ಟು ದೂರದಲ್ಲಿದ್ದವೆಂದು ಗುರುತು ಹಾಕಿದರು. ಹುಲಿಗೆ ಕಾಡಿನೊಳಗೆ ಆಹಾರವೆಷ್ಟಿದೆಯೆಂದು ತಿಳಿಯುವುದು ಇದರಿಂದ. 2019ರ ಫೆಬ್ರುವರಿಯಲ್ಲಿ ಬಂಡೀಪುರ ಹೊತ್ತಿ ಉರಿದಾಗಲೂ ಅರಣ್ಯ ಸಿಬ್ಬಂದಿಯ ಜೊತೆ ಸ್ವಯಂಸೇವಕರು ಸೊಪ್ಪು ಹಿಡಿದು ಬೆಂಕಿ ಬಡಿದರು. ಕೊನೆಗೆ ವಾಯುಪಡೆಯ ಹೆಲಿಕಾಪ್ಟರುಗಳು ಬಂದು ನೀರು ಸುರಿಯಬೇಕಾಯಿತು.

ಹಾನಿಯಾದಾಗ ನೀವು ಮಾಡಬೇಕಾದುದಿಷ್ಟು. ಮುರಿದ ಬೆಳೆಯನ್ನು ಕೂಡಲೇ ಉಳಬೇಡಿ. ಸತ್ತ ದನವನ್ನು ಜಾಗ ಬಿಟ್ಟು ಕದಲಿಸಬೇಡಿ, ಹೂಳಲೂಬೇಡಿ. ಹುಲಿ ಸಮೀಪದಲ್ಲೇ ಇರಬಹುದಾದ್ದರಿಂದ ಗುಂಪುಗೂಡಿ ಹತ್ತಿರ ಹೋಗುವುದು ಬೇಡ. ಹೆಜ್ಜೆ ಗುರುತು ಅಳಿಸುವ ಮುನ್ನ ಚಿತ್ರ ತೆಗೆದಿಟ್ಟುಕೊಳ್ಳಿ. ಅಂದೇ ವಲಯ ಅರಣ್ಯ ಕಚೇರಿಗೆ ತಿಳಿಸಿ, ಅರ್ಜಿ ಕೊಟ್ಟಿದ್ದಕ್ಕೆ ಸ್ವೀಕೃತಿ ಪಡೆಯಿರಿ. ಪಹಣಿ ಇನ್ನೂ ತಂದೆಯ ಅಥವಾ ಅಜ್ಜನ ಹೆಸರಿನಲ್ಲಿದ್ದರೆ ಈ ಬೇಸಗೆಯಲ್ಲಿಯೇ ಪೌತಿ ಖಾತೆ ಮಾಡಿಸಿಕೊಳ್ಳಿ. ರಾಗಿ ತೆನೆ ಕಟ್ಟುವ ವೇಳೆಗೆ ಕಾಗದ ಕೈಯಲ್ಲಿರುತ್ತದೆ.