ನಿಮಗಿದು ಗೊತ್ತೇ? ಟೈರ್ ಹೊಸತು, ದೀಪ ಹಳದಿ

ಕೋಲ್ಕತ್ತದ ಮಲ್ಲಿಕ್ ಬಜಾರ್ ಎಂದರೆ ಕಾರಿನ ಬಿಡಿಭಾಗಗಳ ಜಾತ್ರೆ. ಅಲ್ಲೋ ಇನ್ನೆಲ್ಲೋ ನಾಲ್ಕೂ ಟೈರ್ ಬದಲಿಸಿಕೊಂಡು ಹೊರಟಿದ್ದೀರಿ ಎನ್ನಿ. ಪಾರ್ಕ್ ಸ್ಟ್ರೀಟ್ ದಾಟುವಷ್ಟರಲ್ಲಿ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹತ್ತಿಕೊಳ್ಳುತ್ತದೆ. ಅಷ್ಟು ದುಡ್ಡು ಸುರಿದ ಮೇಲೂ ಇದೇನು ಗ್ರಹಚಾರ ಎಂದು ಅಂಗಡಿಯವನನ್ನು ಬೈಯುವ ಮುನ್ನ ಸ್ವಲ್ಪ ತಾಳಿ.

★ ಆ ದೀಪದಲ್ಲಿರುವುದು ಕುದುರೆ ಲಾಳವಲ್ಲ, ಟೈರನ್ನು ಅಡ್ಡಕ್ಕೆ ಕೊಯ್ದರೆ ಕಾಣುವ ಆಕಾರ. ನಡುವಿನ ಆಶ್ಚರ್ಯಸೂಚಕ ಚಿಹ್ನೆ ಗಾಳಿಯ ಎಚ್ಚರಿಕೆಗೆ.

★ ದೀಪ ಹತ್ತುವ ರೀತಿಯಲ್ಲೇ ಅರ್ಥವಿದೆ. ಒಂದೇ ಸಮ ಉರಿದರೆ ಯಾವುದೋ ಚಕ್ರದಲ್ಲಿ ಗಾಳಿ ಕಡಿಮೆ. ಗಾಡಿ ಸ್ಟಾರ್ಟ್ ಮಾಡಿದಾಗ ನಿಮಿಷದಷ್ಟು ಹೊತ್ತು ಮಿಣುಕಿ ಆಮೇಲೆ ನಿಂತು ಉರಿದರೆ ಗಾಳಿಯದಲ್ಲ, ಗಾಳಿಯ ಒತ್ತಡ ಅಳೆಯುವ ಸೆನ್ಸರ್ ವ್ಯವಸ್ಥೆಯದೇ ತೊಂದರೆ. ಟೈರ್ ಹಾಕಿಸಿದ ಮೇಲೆ ಹೆಚ್ಚಾಗಿ ಕಾಡುವುದು ಈ ಎರಡನೆಯದು. ಅದಕ್ಕೆ ಎಷ್ಟು ಗಾಳಿ ಹೊಡೆಸಿದರೂ ಪ್ರಯೋಜನವಿಲ್ಲ.

★ ಹೊಸ ಟೈರಿನ ಜತೆ ಹೊಸ ಸೆನ್ಸರ್ ಬರುವುದಿಲ್ಲ. ಸಾಮಾನ್ಯವಾಗಿ ಸೆನ್ಸರ್ ಇರುವುದು ರಿಮ್ಮಿನಲ್ಲಿ, ವಾಲ್ವಿನ ಬುಡಕ್ಕೆ ಅಂಟಿಕೊಂಡು. ಹೆಬ್ಬೆರಳಿನ ಗಾತ್ರದ ಡಬ್ಬಿ. ಒಳಗೊಂದು ಪುಟ್ಟ ಬ್ಯಾಟರಿ, ಪುಟ್ಟ ರೇಡಿಯೊ. ಬ್ಯಾಟರಿಯ ಆಯಸ್ಸು ಐದರಿಂದ ಹತ್ತು ವರ್ಷ. ಒಳಗೆಲ್ಲ ರಾಳ ಸುರಿದು ಮುಚ್ಚಿರುವುದರಿಂದ ಬ್ಯಾಟರಿ ಮಾತ್ರ ಬದಲಿಸಲು ಬರುವುದಿಲ್ಲ, ಇಡೀ ಸೆನ್ಸರನ್ನೇ ಬದಲಿಸಬೇಕು. ಮೊದಲ ಜೊತೆ ಟೈರ್ ಸವೆಯುವ ಹೊತ್ತಿಗೇ ಬ್ಯಾಟರಿಗೂ ವಯಸ್ಸಾಗಿರುತ್ತದೆ. ಎರಡೂ ಒಟ್ಟಿಗೆ ಕೈಕೊಟ್ಟರೆ ಬೈಗುಳ ಮಾತ್ರ ಟೈರಿಗೆ.

★ ಟೈರನ್ನು ರಿಮ್ಮಿನಿಂದ ಬಿಡಿಸುವ ಯಂತ್ರದ ತೋಳು ವಾಲ್ವಿನ ಪಕ್ಕದಲ್ಲೇ ಒತ್ತಿದರೆ ಸೆನ್ಸರ್ ಮುರಿಯುತ್ತದೆ. ವಾಲ್ವಿನಿಂದ ದೂರ ಒತ್ತಬೇಕು, ಅಷ್ಟೆ. ಗೊತ್ತಿದ್ದವನಿಗೆ ಇದು ಅರೆಕ್ಷಣದ ಕೆಲಸ, ಗೊತ್ತಿಲ್ಲದವನ ಕೈಯಲ್ಲಿ ಸಾವಿರಾರು ರೂಪಾಯಿ ನಷ್ಟ.

★ ವಾಲ್ವ್ ಪಿನ್ನಿನಲ್ಲೂ ಜಾತಿಯುಂಟು! ಸೆನ್ಸರಿನ ಅಲ್ಯೂಮಿನಿಯಂ ವಾಲ್ವಿಗೆ ನಿಕ್ಕಲ್ ಲೇಪದ ಪಿನ್ ಹಾಕಬೇಕು. ಕೈಗೆ ಸಿಕ್ಕಿತೆಂದು ಹಿತ್ತಾಳೆಯದು ತಿರುಗಿಸಿದರೆ ಎರಡು ಲೋಹಗಳ ನಡುವೆ ತುಕ್ಕು ಹಿಡಿದು ಅಲ್ಲೇ ಕಚ್ಚಿಕೊಳ್ಳುತ್ತದೆ. ಕೋಲ್ಕತ್ತದಂಥ ತೇವದ ಊರಿನಲ್ಲಿ ಈ ತುಕ್ಕಿಗೆ ಇನ್ನಷ್ಟು ಅನುಕೂಲ.

★ ಕೆಲವು ಕಾರುಗಳ ಚಕ್ರದೊಳಗೆ ಸೆನ್ಸರೇ ಇಲ್ಲ, ಆದರೂ ದೀಪ ಹತ್ತುತ್ತದೆ. ಗಾಳಿ ಇಳಿದ ಚಕ್ರ ಕೊಂಚ ಗಿಡ್ಡವಾಗುತ್ತದೆ; ಗಿಡ್ಡ ಚಕ್ರ ಅಷ್ಟೇ ದೂರಕ್ಕೆ ಹೆಚ್ಚು ಸುತ್ತು ಹಾಕಬೇಕು. ಎಬಿಎಸ್ ಬ್ರೇಕಿಗಾಗಿ ಚಕ್ರದ ವೇಗ ಅಳೆಯಲು ಇಟ್ಟ ಸೆನ್ಸರ್‌ಗಳೇ ಈ ವ್ಯತ್ಯಾಸ ಹಿಡಿದು ಚಾಡಿ ಹೇಳುತ್ತವೆ. ಹೊಸ ಟೈರಿನ ರಬ್ಬರ್ ದಪ್ಪ, ಸುತ್ತಳತೆ ಹೆಚ್ಚು. ಕಂಪ್ಯೂಟರಿನ ಲೆಕ್ಕದಲ್ಲಿ ಇನ್ನೂ ಸವೆದ ಟೈರೇ ಇದೆ. ಎರಡೇ ಟೈರ್ ಬದಲಿಸಿದರಂತೂ ಅದರ ಗೊಂದಲ ಕೇಳುವುದೇ ಬೇಡ. ಗಾಳಿ ಸರಿಯಾಗಿ ತುಂಬಿಸಿ, ಬಟನ್ ಒತ್ತಿಯೋ ಪರದೆಯ ಮೆನುವಿಗೆ ಹೋಗಿಯೋ ರಿಸೆಟ್ ಮಾಡಿ, ಸ್ವಲ್ಪ ದೂರ ಓಡಿಸಬೇಕು. ವಿಧಾನ ಕಾರಿನ ಕೈಪಿಡಿಯಲ್ಲಿರುತ್ತದೆ. ಗ್ಲೋವ್ ಬಾಕ್ಸಿನಲ್ಲಿ ಇನ್ನೂ ಪ್ಲಾಸ್ಟಿಕ್ ಹರಿಯದೆ ಮಲಗಿರುವ ಅದೇ ಪುಸ್ತಕ.

★ ಚಕ್ರದೊಳಗಿನ ಸೆನ್ಸರ್ ಗಾಡಿ ನಿಂತಾಗ ನಿದ್ದೆ ಮಾಡುತ್ತದೆ, ಚಕ್ರ ತಿರುಗಿದಾಗ ಏಳುತ್ತದೆ. ಹಾಗಾಗಿ ಅಂಗಡಿಯ ಮುಂದೆ ನಿಂತು ದೀಪ ದಿಟ್ಟಿಸುತ್ತಾ ಕೂರುವುದು ದಂಡ.

★ ಪ್ರತಿ ಸೆನ್ಸರಿಗೂ ತನ್ನದೇ ಸಂಖ್ಯೆ ಇದೆ, ಆಧಾರ್ ಇದ್ದಹಾಗೆ. ಅಮೆರಿಕದ ರಟ್ಗರ್ಸ್ ಮತ್ತು ಸೌತ್ ಕ್ಯಾರೊಲಿನಾ ವಿಶ್ವವಿದ್ಯಾಲಯಗಳ ಸಂಶೋಧಕರು 2010ರಲ್ಲಿ ಆ ಸಂಖ್ಯೆ ಸಾರುವ ರೇಡಿಯೊ ಸಂಕೇತವನ್ನು ಸುಮಾರು 40 ಮೀಟರ್ ದೂರದಿಂದ ಕದ್ದು ಕೇಳಿ ತೋರಿಸಿದ್ದರು. ಇನ್ನೊಂದು ಸಂಗತಿ: ಅಲ್ಲಿನ ಸೆನ್ಸರ್‌ಗಳು ಹೆಚ್ಚಾಗಿ 315 ಮೆಗಾಹರ್ಟ್ಸ್‌ನಲ್ಲಿ ಮಾತಾಡುತ್ತವೆ, ನಮ್ಮವು 433ರಲ್ಲಿ. ಅಮೆರಿಕದಲ್ಲಿರುವ ಮಗನಿಂದ ಅಗ್ಗಕ್ಕೆಂದು ತರಿಸಿಕೊಂಡರೆ ಸೆನ್ಸರಿನ ಮಾತು ಕಾರಿಗೆ ಕೇಳಿಸದು.

★ ಸ್ಟೆಪ್ನಿ ಹಾಕಿದಾಗಲೂ ದೀಪ ಹತ್ತಬಹುದು, ಬಹುತೇಕ ಸ್ಟೆಪ್ನಿಗಳಲ್ಲಿ ಸೆನ್ಸರ್ ಇರುವುದಿಲ್ಲ. ಅಂದಹಾಗೆ ಈ ಸ್ಟೆಪ್ನಿ ಎಲ್ಲಿಯ ಪದ? ವೇಲ್ಸ್‌ನ ಲನೆಲ್ಲಿ ಎಂಬ ಊರಿನ ಒಂದು ಬೀದಿಯ ಹೆಸರು. 1904ರಲ್ಲಿ ಅಲ್ಲಿನ ಡೇವಿಸ್ ಸಹೋದರರು ಹೆಚ್ಚುವರಿ ಚಕ್ರ ತಯಾರಿಸಿ ಆ ಬೀದಿಯ ಹೆಸರನ್ನೇ ಇಟ್ಟರು. ಬ್ರಿಟನ್ನಿನಲ್ಲಿ ಪದ ಮರೆತೇಹೋಯಿತು. ಬೆಂಗಳೂರಿನಿಂದ ಕೋಲ್ಕತ್ತದವರೆಗೆ ನಾವು ಬಿಟ್ಟಿಲ್ಲ. ಕೇಂದ್ರ ಸಾರಿಗೆ ಸಚಿವಾಲಯ 2020ರ ತಿದ್ದುಪಡಿಯಲ್ಲಿ, ಟ್ಯೂಬ್‌ಲೆಸ್ ಟೈರ್, ಒತ್ತಡದ ಸೆನ್ಸರ್ ವ್ಯವಸ್ಥೆ ಮತ್ತು ಪಂಕ್ಚರ್ ಕಿಟ್ ಇರುವ ಸಣ್ಣ ವಾಹನಗಳಿಗೆ ಸ್ಟೆಪ್ನಿ ಕಡ್ಡಾಯವಲ್ಲ ಎಂದಿತು. ಸ್ಟೆಪ್ನಿ ಇಲ್ಲದ ಗಾಡಿಯಲ್ಲಿ ಹಳದಿ ದೀಪವನ್ನು ಅಸಡ್ಡೆ ಮಾಡುವುದು ನನ್ನ ಪ್ರಕಾರ ಶುದ್ಧ ಮೂರ್ಖತನ.

★ ಗಾಳಿಯ ಒತ್ತಡ ಅಳೆದು ಎಚ್ಚರಿಸುವ ವ್ಯವಸ್ಥೆ ಕಾರಿಗೆ ಮೊದಲು ಬಂದದ್ದು 1986ರ ಪೋರ್ಷೆ 959ರಲ್ಲಿ. ಅಮೆರಿಕದಲ್ಲಿ ಫೈರ್‌ಸ್ಟೋನ್ ಟೈರುಗಳು ಕಿತ್ತುಬಂದು ಫೋರ್ಡ್ ಎಕ್ಸ್‌ಪ್ಲೋರರ್‌ಗಳು ಮಗುಚಿದ ಪ್ರಕರಣಗಳ ನಂತರ 2000ದಲ್ಲಿ ಇದಕ್ಕಾಗಿ ಕಾನೂನು ಬಂತು. ಗಾಳಿ ಶೇ 25ರಷ್ಟು ಇಳಿದರೆ ದೀಪ ಹತ್ತಲೇಬೇಕೆಂಬುದು ಅಲ್ಲಿನ ನಿಯಮ.

★ ಚಳಿಗೂ ದೀಪ ಹತ್ತುತ್ತದೆ. ಉಷ್ಣಾಂಶ ಐದಾರು ಡಿಗ್ರಿ ಇಳಿದರೆ ಗಾಳಿಯ ಒತ್ತಡ ಸುಮಾರು 1 ಪಿಎಸ್‌ಐ ಇಳಿಯುತ್ತದೆ. ಏಪ್ರಿಲ್ಲಿನ 36 ಡಿಗ್ರಿಯಲ್ಲಿ 33 ತುಂಬಿಸಿ ಮರೆತವರಿಗೆ, ಕೋಲ್ಕತ್ತದ ಜನವರಿಯ 14 ಡಿಗ್ರಿ ಬೆಳಗಿನಲ್ಲಿ ಚಳಿಯ ಲೆಕ್ಕಕ್ಕೇ ಸುಮಾರು 4 ಹೋಗಿರುತ್ತದೆ. ತಿಂಗಳಿಗೆ ಒಂದರಂತೆ ತಾನೇ ಸೋರಿಹೋದದ್ದು ಬೇರೆ.

★ ಎಷ್ಟು ಗಾಳಿ ಬೇಕೆಂಬುದು ಚಾಲಕನ ಬಾಗಿಲ ಚೌಕಟ್ಟಿನ ಸ್ಟಿಕರಿನಲ್ಲಿದೆ. ಟೈರಿನ ಮೈಮೇಲಿನ ಅಂಕಿ ಗರಿಷ್ಠ ಮಿತಿ, ಅದನ್ನು ನೋಡಿ ತುಂಬಿಸಬೇಡಿ. ಅಲ್ಲೇ ಇರುವ ನಾಲ್ಕಂಕಿಯನ್ನು ಮಾತ್ರ ಕೊಳ್ಳುವಾಗ ಓದಿ: 2324 ಎಂದರೆ 2024ರ 23ನೇ ವಾರದಲ್ಲಿ ತಯಾರಾದದ್ದು.

★ ನೈಟ್ರೋಜನ್ ತುಂಬಿಸಿದರೆ ದೀಪ ಆರುತ್ತದೆಯೇ? ಒತ್ತಡ ಸರಿಯಿದ್ದರೆ ಸಾಕು, ಸೆನ್ಸರಿಗೆ ಯಾವ ಗಾಳಿಯಾದರೇನು. ಬಿಟ್ಟಿ ಗಾಳಿಯಲ್ಲೂ ಶೇ 78 ನೈಟ್ರೋಜನ್ನೇ.

★ ಟೈರಿನ ಮಾತಿನಲ್ಲಿ ಕೋಲ್ಕತ್ತಕ್ಕೂ ಮೈಸೂರಿಗೂ ಒಂದು ನಂಟಿದೆ. ಹೂಗ್ಲಿ ದಡದ ಸಾಹಾಗಂಜ್‌ನಲ್ಲಿ 1936ರಲ್ಲಿ ಶುರುವಾದ ಡನ್ಲಪ್ ಕಾರ್ಖಾನೆ ದೇಶದ ಟೈರ್ ಉದ್ಯಮದ ತವರು. 2005ರಲ್ಲಿ ಕೋಲ್ಕತ್ತದ ರುಯಿಯಾ ಸಮೂಹ ಡನ್ಲಪ್ ಜತೆಗೇ ಮೈಸೂರಿನ ಫಾಲ್ಕನ್ ಟೈರ್ಸನ್ನೂ ಕೊಂಡಿತು. ಎರಡೂ ಕಡೆ ಯಂತ್ರಗಳು ನಿಂತು ವರ್ಷಗಳಾದವು. ಬಿ.ಟಿ. ರಸ್ತೆಯ ಒಂದು ವೃತ್ತವನ್ನು ಮಾತ್ರ ಕೋಲ್ಕತ್ತದವರು ಈಗಲೂ ಡನ್ಲಪ್ ಎಂದೇ ಕರೆಯುತ್ತಾರೆ.

★ ಕೋಲ್ಕತ್ತದ ಟ್ರಾಮಿಗೆ ಉಕ್ಕಿನ ಚಕ್ರ, ಕೈಯೆಳೆಯುವ ರಿಕ್ಷಾಕ್ಕೆ ಮರದ ಚಕ್ರ. ಎರಡಕ್ಕೂ ಗಾಳಿಯ ಚಿಂತೆಯಿಲ್ಲ.

★ ಕೋಲ್ಕತ್ತದಲ್ಲಿ ಟೈರ್ ಬದಲಿಸುವುದಿದ್ದರೆ ಜಾಕ್ ಏರಿಸುವ ಮೊದಲೇ ಒಂದು ಮಾತು ಹೇಳಿ: ‘ದಾದಾ, ಚಾಕಾಯ್ ಸೆನ್ಸರ್ ಆಛೆ, ಸಾಬ್ಧಾನೆ.’ ಅಣ್ಣಾ, ಚಕ್ರದಲ್ಲಿ ಸೆನ್ಸರ್ ಇದೆ, ಹುಷಾರು ಎಂದು. ಬೆಂಗಳೂರಿನಲ್ಲಾದರೆ ಕನ್ನಡದಲ್ಲೇ ಹೇಳಿ.