ನವೆಂಬರ್ ಬಂದರೆ ಫೋನ್ ಕ್ಯಾಲೆಂಡರ್ ಒಂದು ಗಂಟೆ ತಪ್ಪುತ್ತದೆಯೇ?

ನ್ಯೂಯಾರ್ಕ್‌ನಲ್ಲಿರುವ ಮಗ ಪ್ರತಿ ಭಾನುವಾರ ಬೆಳಿಗ್ಗೆ 10ಕ್ಕೆ ವಿಡಿಯೊ ಕರೆ ಎಂದು ಕ್ಯಾಲೆಂಡರ್‌ನಲ್ಲಿ ಹಾಕಿದ್ದಾನೆ ಎನ್ನೋಣ. ವಿಜಯಪುರ ಜಿಲ್ಲೆಯ ಬಿಜ್ಜರಗಿಯಲ್ಲಿರುವ ತಾಯಿಯ ಫೋನ್‌ನಲ್ಲಿ ಅದು ಸಂಜೆ 7.30. ನವೆಂಬರ್‌ನಲ್ಲಿ ಅದೇ ಕರೆ ರಾತ್ರಿ 8.30 ಎಂದು ತೋರಿಸುತ್ತದೆ. ಫೋನ್ ಕೆಟ್ಟಿದೆಯೇ? ಇಲ್ಲ.

ನಮ್ಮ ದೇಶದ ಗಡಿಯಾರ ವರ್ಷವಿಡೀ ಒಂದೇ ರೀತಿ ಓಡುತ್ತದೆ. ಅಮೆರಿಕದ ಹೆಚ್ಚಿನ ಭಾಗಗಳಲ್ಲಿ ಮಾರ್ಚ್‌ನ ಎರಡನೇ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟು, ನವೆಂಬರ್‌ನ ಮೊದಲ ಭಾನುವಾರ ಮತ್ತೆ ಹಿಂದಕ್ಕಿಡುತ್ತಾರೆ. ಹಾಗಾಗಿ ನ್ಯೂಯಾರ್ಕ್‌ಗೂ ನಮಗೂ ಬೇಸಿಗೆಯಲ್ಲಿ 9 ಗಂಟೆ 30 ನಿಮಿಷ, ಚಳಿಗಾಲದಲ್ಲಿ 10 ಗಂಟೆ 30 ನಿಮಿಷ ಅಂತರ. ಕ್ಯಾಲೆಂಡರ್ ಲೆಕ್ಕ ಸರಿಯಾಗಿಯೇ ಇದೆ.

ನಿಜವಾದ ತಪ್ಪು ಆಗುವುದು ಒಂದು ಆ್ಯಪ್‌ನಿಂದ ಇನ್ನೊಂದಕ್ಕೆ ಮಾಹಿತಿ ಹೋಗುವಾಗ. ಟೈಮ್ ಝೋನ್ ಬಿಟ್ಟುಹೋಗಿ ಬರೀ ‘10 ಗಂಟೆ’ ಬಂದರೆ, ತಾಯಿಯ ಫೋನ್ ಅದನ್ನು ಬಿಜ್ಜರಗಿಯ 10 ಗಂಟೆ ಎಂದೇ ತಿಳಿಯುತ್ತದೆ. ಮನೆಯವರ ಕರೆಯಾದರೆ ಮತ್ತೆ ಮಾಡಬಹುದು. ಕೆಲಸದ ಸಂದರ್ಶನ ತಪ್ಪಿದರೆ ಕಷ್ಟ.

ನಾವು ಹೇಳುವುದಿಷ್ಟೆ: ಫೋನ್ ಗಡಿಯಾರವನ್ನು ನೀವೇ ತಿದ್ದಬೇಡಿ, ಉಳಿದ ಅಲಾರಂಗಳೂ ತಪ್ಪುತ್ತವೆ. ಕ್ಯಾಲೆಂಡರ್‌ನಲ್ಲಿ ಆ ಕಾರ್ಯಕ್ರಮವನ್ನು ತೆರೆದು ಟೈಮ್ ಝೋನ್ ನೋಡಿ. ಸಮಯ ಕಳಿಸುವಾಗ ‘ಭಾರತೀಯ ಸಮಯ ಸಂಜೆ 7.30’ ಎಂದು ಪೂರ್ತಿ ಬರೆಯಿರಿ.